ಮಾತಿನ ನಾದ, ರೈಲಿನ ನೆನಪು

ಚರಿತ್ರೆಯೆಂದೊಡನೆ ನಮಗೆ ಶಾಸನಗಳೂ ತಾಮ್ರಪಟಗಳೂ ನೆನಪಾಗುತ್ತವೆ. ಆದರೆ ಸಾಮಾನ್ಯರ ಬಾಯಿಮಾತೂ ಚರಿತ್ರೆಯ ಆಕರವೇ. ಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಪಾಠವನ್ನು ನಾವು ವರ್ಷಾನುಗಟ್ಟಲೆ ಇಸವಿಗಳ ಮೂಲಕವೇ ಬೋಧಿಸಿದೆವು. ಮಕ್ಕಳು ಆ ಇಸವಿಗಳನ್ನು ಬರೆದು ಅಂಕ ಪಡೆದರು. ಅದೇ ಯುದ್ಧಕಾಲವನ್ನು ಕೆಲವೇ ಜನರ ದನಿಗಳಿಂದ ಹೇಳಿದ ಪಾಶ್ಚಾತ್ಯ ಸಂಗೀತಕೃತಿಯೊಂದನ್ನು ಇಲ್ಲಿ ಪರಿಚಯಿಸಬಯಸುತ್ತೇವೆ. ಅದು ಅಮೆರಿಕದ ಸ್ಟೀವ್ ರೈಶ್ ಅವರು 1988ರಲ್ಲಿ ರಚಿಸಿದ ‘ಡಿಫರೆಂಟ್ ಟ್ರೇನ್ಸ್’, ಎಂದರೆ ‘ಬೇರೆ ಬೇರೆ ರೈಲುಗಳು’.

ರೈಶ್ ಹುಟ್ಟಿದ್ದು 1936ರಲ್ಲಿ. ತಂದೆತಾಯಿಗಳು ಬೇರೆಯಾಗಿ, ತಂದೆ ನ್ಯೂಯಾರ್ಕಿನಲ್ಲಿಯೂ ತಾಯಿ ಲಾಸ್ ಏಂಜಲೀಸಿನಲ್ಲಿಯೂ ನೆಲೆಸಿದರು. 1939ರಿಂದ 1942ರವರೆಗೆ ಆ ಬಾಲಕ ದಾದಿಯ ಜೊತೆಯಲ್ಲಿ ಈ ಎರಡು ಊರುಗಳ ನಡುವೆ ಮತ್ತೆ ಮತ್ತೆ ರೈಲಿನಲ್ಲಿ ಪಯಣಿಸಿದ. ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ನಾಜಿಗಳು ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಶಿಬಿರಗಳಿಗೆ ಸಾಗಿಸುತ್ತಿದ್ದರು. ರೈಶರೂ ಯೆಹೂದ್ಯರೇ. ಆಗ ತಾನು ಯುರೋಪಿನಲ್ಲಿದ್ದಿದ್ದರೆ ಹತ್ತಬೇಕಾಗುತ್ತಿದ್ದ ರೈಲೇ ಬೇರೆ ಎಂಬ ಅರಿವು ಈ ಕೃತಿಯ ಬೀಜ.

ಅವರು ತಮ್ಮನ್ನು ಸಾಕಿದ ದಾದಿಯ ಮಾತನ್ನೂ, ರೈಲಿನಲ್ಲಿ ಸೇವೆ ಸಲ್ಲಿಸಿ ನಿವೃತ್ತನಾಗಿದ್ದ ವೃದ್ಧ ಪರಿಚಾರಕನೊಬ್ಬನ ಮಾತನ್ನೂ ಧ್ವನಿಮುದ್ರಿಸಿಕೊಂಡರು. ನರಮೇಧದಿಂದ ಬದುಕುಳಿದು ಅಮೆರಿಕ ಸೇರಿದ್ದ ಮೂವರ ಮುದ್ರಿತ ನುಡಿಗಳನ್ನೂ ಸಂಗ್ರಹಿಸಿದರು. ಯಾರ ಮಾತಿನಲ್ಲಿಯೂ ಒಂದು ಏರಿಳಿತವಿರುತ್ತದೆ. ಆ ಏರಿಳಿತವನ್ನೇ ಸ್ವರಗಳಾಗಿ ಬರೆದು ತಂತಿವಾದ್ಯಗಳಿಗೆ ವಹಿಸಿದರು. ಹೆಂಗಸರ ಮಾತನ್ನು ವಯೋಲಾ ಅನುಸರಿಸುತ್ತದೆ, ಗಂಡಸರ ಮಾತನ್ನು ಚೆಲ್ಲೋ. ಎರಡು ಪಿಟೀಲುಗಳೂ ಸೇರಿ ನಾಲ್ವರ ಮೇಳ. ಅದರೊಡನೆ ಧ್ವನಿಮುದ್ರಿಕೆಯಲ್ಲಿ ಆ ಕಾಲದ ರೈಲುಗಳ ಸಿಳ್ಳು.

ಕೃತಿಗೆ ಮೂರು ಭಾಗಗಳು: ಯುದ್ಧಪೂರ್ವದ ಅಮೆರಿಕ, ಯುದ್ಧಕಾಲದ ಯುರೋಪು, ಯುದ್ಧಾನಂತರ. ಮೊದಲ ಭಾಗದಲ್ಲಿ ಅಮೆರಿಕದ ರೈಲುಗಳ ನೀಳವಾದ ಸಿಳ್ಳು. ಎರಡನೆಯದರಲ್ಲಿ ಯುರೋಪಿನ ರೈಲುಗಳ ಗಿಡ್ಡ ಸಿಳ್ಳು, ವಿಮಾನದಾಳಿಯ ಮುನ್ನೆಚ್ಚರಿಕೆಯ ಸೈರನ್ನು. ಮೂರನೆಯದರಲ್ಲಿ ಮತ್ತೆ ಅಮೆರಿಕದ ರೈಲುಗಳು ಬರುತ್ತವೆ. ಆದರೆ ಕೇಳುವ ಕಿವಿ ಮೊದಲಿನಂತಿರುವುದಿಲ್ಲ. ಕ್ರೋನೋಸ್ ಕ್ವಾರ್ಟೆಟ್ ಎಂಬ ಮೇಳವು ಇದನ್ನು 1988ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ನುಡಿಸಿತು. ಕೃತಿಗೆ ಗ್ರ್ಯಾಮಿ ಪ್ರಶಸ್ತಿಯೂ ಸಂದಿತು.

ಇಲ್ಲಿ ಮಾತಿನ ಅರ್ಥದಷ್ಟೇ ಮಾತಿನ ದನಿಯೂ ಸಾಕ್ಷಿ ನುಡಿಯುತ್ತದೆ. ಬರಹ ಅರ್ಥವನ್ನು ಉಳಿಸೀತು, ದನಿಯನ್ನು ಉಳಿಸಲಾರದು. ಸೊಲ್ಲಾಪುರ ಸೀಮೆಯ ನಮಗೆ ಇದು ದೂರದ ಸಂಗತಿಯಲ್ಲ. ಮರಾಠಿಯ ನೆರೆಯಲ್ಲಿ ಬೆಳೆದ ನಮ್ಮ ಹಿರಿಯರ ಕನ್ನಡಕ್ಕೆ ತನ್ನದೇ ಎಳೆತ, ತನ್ನದೇ ಇಳಿತವಿದೆ. ಅದು ಯಾವ ಪಠ್ಯಪುಸ್ತಕದಲ್ಲಿಯೂ ಸಿಕ್ಕದು. ನಮ್ಮ ತಾಯಿಯವರ ಭಾವಚಿತ್ರ ಗೋಡೆಯ ಮೇಲಿದೆ, ಅವರ ದನಿ ಎಲ್ಲಿಯೂ ಇಲ್ಲ. ಇಂದು ಮನೆಮನೆಯಲ್ಲಿ ಮೊಬೈಲ್ ಇದೆ. ಮುಂದಿನ ಸಮ್ಮೇಳನದೊಳಗೆ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರೊಬ್ಬರ ಒಂದು ಗಳಿಗೆಯ ಮಾತನ್ನಾದರೂ ಮುದ್ರಿಸಿಟ್ಟುಕೊಳ್ಳಲಿ ಎಂಬುದು ನಮ್ಮ ವಿನಂತಿ.