ಲಿಂಕ್ ಹಾಕಿದವರಿಗೆ ದುಡ್ಡು ಯಾಕೆ ಕೊಡಬೇಕು? ಏಳು ಪೋಸ್ಟ್‌ಗಳಲ್ಲಿ ಒಂದು ಇತಿಹಾಸ

1/7
ಫ್ರೆಂಡ್ಸ್, ದಿನಕ್ಕೆ ಎಷ್ಟು ಲಿಂಕ್ ಫಾರ್ವರ್ಡ್ ಮಾಡ್ತೀರಿ? ರಿಸಲ್ಟ್ ಲಿಂಕ್, ಸ್ಕಾಲರ್‌ಶಿಪ್ ಲಿಂಕ್, ಅಡಿಕೆ ರೇಟು, ಕೆಮ್ಮಣ್ಣುಗುಂಡಿಯ ವಿಡಿಯೊ. ಇದಕ್ಕೆಲ್ಲ ಯಾರೂ ನಿಮಗೆ ಒಂದು ರೂಪಾಯಿನೂ ಕೊಡಲ್ಲ. ಆದರೆ 2016ರಿಂದ ಈಚೆಗೆ "ಪೋಸ್ಟ್ ಹಾಕಿ, ದುಡ್ಡು ತಗೊಳ್ಳಿ" ಅನ್ನೋ ಸೋಶಿಯಲ್ ನೆಟ್‌ವರ್ಕ್‌ಗಳು ಬಂದವು. ಅವು ಬ್ಲಾಕ್‌ಚೈನ್ ಮೇಲೆ ಕಟ್ಟಿದವು. ಅವುಗಳ ಮೇಲೆ ಬರೀ ಲಿಂಕ್ ಹಂಚೋಕೆ ಅಂತಲೇ ಆ್ಯಪ್‌ಗಳು ಹುಟ್ಟಿದವು. ಬೇರೆಯವರು ಬರೆದದ್ದರ ಲಿಂಕ್ ತಂದು ಹಾಕಿದ್ರೆ ಆ ನೆಟ್‌ವರ್ಕ್‌ಗೆ ನಿಜವಾಗ್ಲೂ ಬೆಲೆ ಸೇರುತ್ತಾ? ನಮ್ಮ ಅಕೌಂಟೆನ್ಸಿ ಕಣ್ಣಿಂದಲೇ ನೋಡೋಣ ಬನ್ನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2/7
ಮೊದಲು ಹಳೇ ಕತೆ. 2004ರಲ್ಲಿ ಡಿಗ್, 2005ರಲ್ಲಿ ರೆಡ್ಡಿಟ್ ಶುರುವಾದಾಗ ಅವು ಮುಖ್ಯವಾಗಿ ಲಿಂಕ್‌ಗಳ ಪಟ್ಟಿಗಳೇ. ಜನ ಲಿಂಕ್ ಹಾಕೋರು, ಉಳಿದವರು ಮತ ಹಾಕೋರು, ಚೆನ್ನಾಗಿರೋದು ಮೇಲೆ ಬರೋದು. ಅದೇ 2005ರಲ್ಲಿ ಕನ್ನಡದಲ್ಲಿ ಹರಿಪ್ರಸಾದ್ ನಾಡಿಗ್ ಅವರು 'ಸಂಪದ' ಶುರು ಮಾಡಿದ್ರು. ಅಲ್ಲಿ ಓದುಗರೇ ಬರೆಯೋರು. ಕನ್ನಡ ಟೈಪ್ ಮಾಡೋದೇ ಸಾಹಸ ಆಗಿದ್ದ ಕಾಲ ಅದು. ಒಳ್ಳೇದು ಎಲ್ಲಿದೆ ಅಂತ ಒಬ್ಬರು ಇನ್ನೊಬ್ಬರಿಗೆ ತೋರಿಸೋದು ಆಗಲೂ ದೊಡ್ಡ ಕೆಲಸವೇ.

ಗಮನಿಸಿ: ಹುಡುಕಿ ತಂದವರ ಶ್ರಮ ಉಚಿತ. ದೊಡ್ಡ ತಾಣಗಳಲ್ಲಿ ಜಾಹೀರಾತಿನ ಆದಾಯ ಕಂಪನಿಗೆ. ಈ ಲೆಕ್ಕ ಸರಿ ಇಲ್ಲ ಅನ್ನೋ ಸಿಟ್ಟಿನಿಂದಲೇ ಮುಂದಿನ ಅಧ್ಯಾಯ ಹುಟ್ಟಿದ್ದು.

3/7
2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲ್ಯಾರಿಮರ್ ಸ್ಟೀಮ್ ಅನ್ನೋ ಬ್ಲಾಕ್‌ಚೈನ್ ತಂದ್ರು. ಬ್ಲಾಕ್‌ಚೈನ್ ಅಂದ್ರೆ ಹೆದರಬೇಡಿ, ಅದೊಂದು ಲೆಡ್ಜರ್. ವ್ಯತ್ಯಾಸ ಇಷ್ಟೇ: ಒಂದೇ ಪುಸ್ತಕದ ನಕಲು ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇರುತ್ತೆ. ಬರೆದ ಎಂಟ್ರಿ ಯಾರೊಬ್ಬರೂ ಗುಟ್ಟಾಗಿ ಅಳಿಸೋಕಾಗಲ್ಲ.

ಸ್ಟೀಮ್‌ನಲ್ಲಿ ಪೋಸ್ಟ್ ಹಾಕಿದ್ರೆ ಬಂದ ಮತಗಳ ಮೇಲೆ ಏಳು ದಿನದ ನಂತರ ಟೋಕನ್ ಸಿಗೋದು. ಮುಕ್ಕಾಲು ಪಾಲು ಬರೆದವರಿಗೆ, ಕಾಲು ಪಾಲು ಮತ ಹಾಕಿದವರಿಗೆ. 2019ರ ಆಗಸ್ಟ್‌ನಲ್ಲಿ ಇದನ್ನ ಅರ್ಧ-ಅರ್ಧ ಮಾಡಿದ್ರು.

ಈ ಟೋಕನ್ ಎಲ್ಲಿಂದ ಬರ್ತಿತ್ತು? ಜಾಹೀರಾತಿನಿಂದ ಅಲ್ಲ, ಹೊಸದಾಗಿ ಮುದ್ರಿಸಿದ ಟೋಕನ್‌ನಿಂದ. 2016ರ ಕೊನೆಗೆ ಹಣದುಬ್ಬರದ ದರವನ್ನ ವರ್ಷಕ್ಕೆ ಸುಮಾರು 9.5% ಅಂತ ಇಟ್ಟು, ನಿಧಾನಕ್ಕೆ ಇಳಿಯೋ ಹಾಗೆ ಮಾಡಿದ್ರು. ಅಂದ್ರೆ ಒಂದು ಪೋಸ್ಟ್‌ಗೆ ಹತ್ತು ಟೋಕನ್ ಕೊಟ್ಟರೆ, ಉಳಿದವರೆಲ್ಲರ ಟೋಕನ್ ಒಂಚೂರು ತೆಳುವಾಯ್ತು. ಮಜ್ಜಿಗೆಗೆ ನೀರು ಸುರಿದ ಹಾಗೆ: ಲೋಟಗಳು ಹೆಚ್ಚಾಗುತ್ವೆ, ಮಜ್ಜಿಗೆ ಅಷ್ಟೇ ಇರುತ್ತೆ.

4/7
ಈಗ ಅಸಲಿ ವಿಷಯ. 2018ರ ಹೊತ್ತಿಗೆ ಸ್ಟೀಮ್ ಮೇಲೆ ಡಿಲೈಕ್ ಅನ್ನೋ ಆ್ಯಪ್ ಬಂತು. ಲಿಂಕ್ ಅಂಟಿಸಿ, ನಿಮ್ಮ ಮಾತು ಒಂದೆರಡು ಸಾಲು ಸೇರಿಸಿ, ಹಂಚಿ. ಉದ್ದ ಲೇಖನ ಬರೆಯೋಕೆ ಆಗದವರಿಗೂ ಒಂದು ಬಾಗಿಲು ತೆರೀತು.

ಪರ ವಾದ: ಎಲ್ಲರೂ ಬರಹಗಾರರಾಗಬೇಕಿಲ್ಲ. ಸಂತೆಯಲ್ಲಿ ಒಳ್ಳೆ ಸರಕು ಯಾವ ಅಂಗಡೀಲಿದೆ ಅಂತ ತಿಳಿದವರಿಗೂ ಬೆಲೆ ಇದೆ. ಹೊರಗಿನ ಸುದ್ದಿ ಒಳಗೆ ಬಂದ್ರೆ ಜನ ದಿನಾ ತೆರೆದು ನೋಡ್ತಾರೆ.

ವಿರೋಧ ವಾದ: ಲಿಂಕ್ ಹಾಕೋಕೆ ಅರ್ಧ ನಿಮಿಷ ಸಾಕು. ಸ್ಟೀಮ್‌ನಲ್ಲಿ ನಮ್ಮ ಪೋಸ್ಟ್‌ಗೆ ನಾವೇ ಮತ ಹಾಕ್ಕೋಬಹುದಿತ್ತು. ಅರ್ಧ ನಿಮಿಷದ ಕೆಲಸಕ್ಕೂ ಮೂರು ದಿನ ಕೂತು ಬರೆದದ್ದಕ್ಕೂ ಒಂದೇ ತಿಜೋರಿಯಿಂದ ಕೊಟ್ಟರೆ ಯಾರು ಬರೀತಾರೆ? ಇನ್ನೊಂದು: ಮೂಲ ಲೇಖನ ಬರೆದವರು ಆ ಚೈನ್‌ನಲ್ಲಿ ಇಲ್ಲದಿದ್ರೆ ಅವರಿಗೆ ಒಂದು ಪೈಸೆನೂ ಹೋಗಲ್ಲ. ಕಂಪನಿ ನಮ್ಮ ಶ್ರಮ ತಿನ್ನುತ್ತೆ ಅಂತ ಎದ್ದು ಬಂದವರು ಇನ್ನೊಬ್ಬರ ಶ್ರಮವನ್ನ ತಾವೇ ತಿಂದ ಹಾಗಾಯ್ತು.

5/7
ಮತ ಅಂದ್ನಲ್ಲ, ಅದು ನಮ್ಮ ಎಲೆಕ್ಷನ್ ಮತ ಅಲ್ಲ. ಟೋಕನ್ ಜಾಸ್ತಿ ಇದ್ದವರಿಗೆ ತೂಕ ಜಾಸ್ತಿ. ಇದರ ಪರಿಣಾಮ 2020ರಲ್ಲಿ ಗೊತ್ತಾಯ್ತು. ಫೆಬ್ರವರಿಯಲ್ಲಿ ಟ್ರಾನ್ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನ ಕೊಂಡುಕೊಂಡ್ರು. ಕಂಪನಿ ಹತ್ರ ಇದ್ದ ದೊಡ್ಡ ಟೋಕನ್ ರಾಶಿಯನ್ನ ಸಮುದಾಯ ತಡೆಹಿಡೀತು. ಮಾರ್ಚ್ 2ಕ್ಕೆ ಬೈನಾನ್ಸ್, ಹುವೋಬಿ, ಪೋಲೋನಿಯೆಕ್ಸ್‌ನಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್‌ಗಳ ಬಲದಿಂದಲೇ ಮತ ಬಿದ್ದು, ಲೆಡ್ಜರ್ ನಡೆಸೋರನ್ನ ಬದಲಾಯಿಸಲಾಯ್ತು. ಸಿಟ್ಟಾದ ಜನ ಮಾರ್ಚ್ 20ಕ್ಕೆ ಬೇರೆ ಒಲೆ ಹೂಡಿದ್ರು. ಅದೇ ಹೈವ್.

ಈಗ ನಮ್ಮ ಕಡೆ ನೋಡಿ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್ ಶುರುವಾಯ್ತು. ತರೀಕೆರೆ ಸೀಮೆಯ ಬೆಳೆಗಾರರ ಮನೇಲಿ ಆ ಹೆಸರು ಗೊತ್ತಿಲ್ಲದವರು ಕಡಿಮೆ. ಮಧ್ಯವರ್ತಿಯ ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನ ಬೆಳೆದವರೇ ಹಿಡಿಯೋದು ಸಹಕಾರದ ಆಸೆ. ಬ್ಲಾಕ್‌ಚೈನ್‌ನ ಆಸೆಯೂ ಅದೇ! ಆದರೆ ಸಹಕಾರ ಸಂಘದ ಮೂಲ ನಿಯಮ ಒಬ್ಬ ಸದಸ್ಯನಿಗೆ ಒಂದು ಮತ. ಹತ್ತು ಎಕರೆಯವರಿಗೂ ಹತ್ತು ಗುಂಟೆಯವರಿಗೂ ಒಂದೇ. ಸ್ಟೀಮ್‌ನಲ್ಲಿ ಒಂದು ಟೋಕನ್‌ಗೆ ಒಂದು ಮತ. ಪುಸ್ತಕ ಎಲ್ಲರ ಹತ್ರ ಇತ್ತು, ಪೆನ್ನು ಮಾತ್ರ ಸಾಹುಕಾರರ ಕೈಯಲ್ಲಿತ್ತು.

6/7
"ಹಾಗಾದ್ರೆ ಕಂಪನಿ ನಡೆಸೋ ಆ್ಯಪೇ ವಾಸಿ" ಅಂತೀರಾ? ಕೂ ನೆನಪಿದೆಯಾ, ಹಳದಿ ಹಕ್ಕಿ? ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2020ರಲ್ಲಿ ಶುರು ಮಾಡಿದ್ದು. ಮೊದಲು ಬಂದದ್ದು ಕನ್ನಡದಲ್ಲೇ. ಉತ್ತುಂಗದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸ್ತಿದ್ರು ಅಂತ ಸ್ಥಾಪಕರೇ ಹೇಳಿದ್ದಾರೆ. 2024ರ ಜುಲೈ 3ಕ್ಕೆ ಮುಚ್ತೀವಿ ಅಂತ ಘೋಷಿಸಿದ್ರು. ಕನ್ನಡದಲ್ಲಿ ಮಾತಾಡೋಕೆ ಅಂತ ಸಿಕ್ಕಿದ್ದ ಒಂದು ಜಗಲಿ ಹೋಯ್ತು.

ಇದರಲ್ಲೊಂದು ಪಾಠ ಇದೆ. ಯಾರೋ ಒಬ್ಬರು ಒಂದು ಕೂ ಪೋಸ್ಟ್‌ನ ಲಿಂಕನ್ನ ಹೈವ್‌ನಲ್ಲಿ ಹಾಕಿದ್ರು ಅಂದ್ಕೊಳ್ಳಿ. ಆ ಲಿಂಕ್ ಚೈನ್‌ನಲ್ಲಿ ಹಾಗೇ ಇರುತ್ತೆ. ಆದರೆ ಒತ್ತಿದ್ರೆ ಪುಟ ಸಿಗಲ್ಲ. ಚೈನ್ ಉಳಿಸೋದು ವಿಳಾಸವನ್ನ, ಮನೆಯನ್ನ ಅಲ್ಲ. ಆ ಮನೇಲಿ ಏನಿತ್ತು, ಯಾಕೆ ನೋಡಬೇಕಿತ್ತು ಅಂತ ಹಂಚಿದವರು ನಾಲ್ಕು ಸಾಲು ಬರೆದಿದ್ರೆ, ಆ ನಾಲ್ಕು ಸಾಲು ಉಳಿಯುತ್ತೆ!

7/7
ಹಾಗಾಗಿ ನನ್ನ ಲೆಕ್ಕ ಹೀಗಿದೆ. ಬರೀ ಲಿಂಕ್ ಬ್ಲಾಕ್‌ಚೈನ್‌ಗೆ ಬೆಲೆ ಸೇರಿಸಲ್ಲ, ತೂಕ ಸೇರಿಸುತ್ತೆ ಅಷ್ಟೇ. ಲಿಂಕ್ ಜೊತೆ ಹಂಚಿದವರ ಓದು, ಸಾರಾಂಶ, ತಕರಾರು ಬಂದ್ರೆ ಅದು ನಿಜವಾದ ಆಸ್ತಿ. ಯಾಕಂದ್ರೆ ಅದು ಬೇರೆಲ್ಲೂ ಇರಲ್ಲ, ಅಳಿಯೋದೂ ಇಲ್ಲ. ಮೂಲ ಬರೆದವರಿಗೂ ಒಂದು ಪಾಲು ಹೋಗೋ ಹಾಗಿದ್ರೆ ನ್ಯಾಯವೂ ಆಗುತ್ತೆ. ದುಡ್ಡು ಹೊಸ ಟೋಕನ್ ಮುದ್ರಣದಿಂದ ಅಲ್ಲದೆ ಓದುಗರ ಜೇಬಿಂದ, ಖುಷಿಯಿಂದ ಬಂದ್ರೆ ಮಾತ್ರ ಅದನ್ನ ಆದಾಯ ಅನ್ನಬಹುದು.

"ಲಿಂಕ್ ಹಂಚಿ ದುಡಿಯಿರಿ" ಅಂತ ಯಾರಾದ್ರೂ ಗ್ರೂಪಿಗೆ ಸೇರಿಸಿದ್ರೆ ಮೂರು ಪ್ರಶ್ನೆ ಕೇಳಿ: ದುಡ್ಡು ಎಲ್ಲಿಂದ ಬರುತ್ತೆ? ಮತ ಯಾರ ಕೈಯಲ್ಲಿದೆ? ನಾನು ಹೊರಟರೆ ನನ್ನ ಬರಹ ಎಲ್ಲಿರುತ್ತೆ? ನಾಲ್ಕನೇದು ನಮ್ಮ ಟ್ಯಾಕ್ಸೇಶನ್ ಪೇಪರ್‌ದು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ 30% ತೆರಿಗೆ, ಜುಲೈನಿಂದ 1% ಟಿಡಿಎಸ್ ಬಂದಿದೆ. ಒಂದರ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ. ಕಾಫಿ ದುಡ್ಡು ಬಂದ್ರೂ ಲೆಕ್ಕ ಲೆಕ್ಕವೇ.

ನೀವು ಕಳಿಸೋ ಮುಂದಿನ ಲಿಂಕ್ ಜೊತೆ ನಿಮ್ಮದೇ ಎರಡು ಸಾಲು, ಕನ್ನಡದಲ್ಲಿ, ಬರೆದು ಕಳಿಸಿ. ಲಿಂಕ್ ಸತ್ತ ಮೇಲೂ ಓದೋಕೆ ಏನಾದ್ರೂ ಇರಲಿ. ಒಪ್ಪಲ್ಲ ಅನ್ನೋರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ.

#ಲೆಕ್ಕದ_ಇತಿಹಾಸ #ಬಿಕಾಂ_ಕನ್ನಡ #ಲಿಂಗದಹಳ್ಳಿ #ತರೀಕೆರೆ