ಬಾಗಿಲು ಹಾಕಿದ ದೇಶ, ಒಲೆ ಹಚ್ಚಿದ ಪೆಪೆ

ವಲಸೆ ಬಗ್ಗೆ ಚರ್ಚೆ ಶುರುವಾದರೆ ಸಾಕು, ಸ್ಟುಡಿಯೋದಲ್ಲಿ ಮೊದಲು ಬರೋದು ಅಂಕಿ. ಇಷ್ಟು ಲಕ್ಷ ಜನ ಬಂದರು, ಇಷ್ಟು ಸಾವಿರ ಜನರನ್ನು ವಾಪಸ್ ಕಳಿಸಿದರು. ನಾನೂ ಓದಿದ್ದೇನೆ, ದನಿ ಏರಿಸಿಯೇ ಓದಿದ್ದೇನೆ. ಇವತ್ತು ಅಂಥ ಅಂಕಿಯೊಳಗಿದ್ದ ಒಬ್ಬನ ಕತೆ ಹೇಳ್ತೀನಿ.

ಹೆಸರು ಫ್ರಾಂಕ್ ಪೆಪೆ. 1893ರಲ್ಲಿ ಇಟಲಿಯ ಅಮಾಲ್ಫಿ ಕರಾವಳಿಯ ಮಯೋರಿ ಅನ್ನೋ ಊರಲ್ಲಿ ಹುಟ್ಟಿದವನು. 1909ರಲ್ಲಿ, ಹದಿಹರೆಯದಲ್ಲೇ, ಅಮೆರಿಕದ ನ್ಯೂ ಹೇವನ್‌ಗೆ ಬಂದ. ಓದು ಬರಹ ಇಲ್ಲ. ಕಾರ್ಖಾನೆಯಲ್ಲಿ ದುಡಿದ. ಮೊದಲ ಮಹಾಯುದ್ಧದ ಹೊತ್ತಿಗೆ ಇಟಲಿಗೆ ಹೋಗಿ ಹೋರಾಡಿದ. ಯುದ್ಧ ಮುಗಿದ ಮೇಲೆ ಹೆಂಡತಿ ಫಿಲೊಮಿನಾ ಜೊತೆ ಮತ್ತೆ ನ್ಯೂ ಹೇವನ್‌ಗೇ ಬಂದು ಬೇಕರಿ ಕೆಲಸಕ್ಕೆ ಸೇರಿದ. ಟೊಮೆಟೊ ಹಚ್ಚಿ ಸುಟ್ಟ ರೊಟ್ಟಿಗಳನ್ನು ತಲೆ ಮೇಲೆ ಹೊತ್ತು ಮಾರಿದ.

ಆಗ ಇಟಲಿಯವರು ಅಂದ್ರೆ ಅಮೆರಿಕಕ್ಕೆ ಎಂಥ ಭಾವನೆ ಇತ್ತು ಗೊತ್ತಾ? 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪು ಜೈಲಿಗೇ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತ್ತು. ಕೊನೆಗೆ 1924ರಲ್ಲಿ ಅಧ್ಯಕ್ಷ ಕೂಲಿಜ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಯುದ್ಧಕ್ಕೆ ಮುಂಚೆ ಕೆಲವು ವರ್ಷ ಇಟಲಿಯಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಇನ್ನು ಮುಂದೆ ವರ್ಷಕ್ಕೆ 3,845 ಜನ, ಅಷ್ಟೇ!

ಅದರ ಮರುವರ್ಷ, 1925ರಲ್ಲಿ, ಪೆಪೆ ವೂಸ್ಟರ್ ಬೀದಿಯಲ್ಲಿ ತನ್ನದೇ ಅಂಗಡಿ ತೆರೆದ. ಕಲ್ಲಿದ್ದಲಿನ ಒಲೆ. ಅಂಚು ಕಪ್ಪಾಗುವಷ್ಟು ಸುಟ್ಟ ತೆಳು ಪಿಜ್ಜಾ. ಆಮೇಲೆ ಬಂತು ನೋಡಿ, ಕಪ್ಪೆಚಿಪ್ಪಿನ ಪಿಜ್ಜಾ. ನಮ್ಮ ಕರಾವಳಿಯವರು ಮರುವಾಯಿ ಅಂತಾರಲ್ಲ, ಅಂಥದ್ದೇ. ಟೊಮೆಟೊ ಇಲ್ಲ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ತುರಿದ ಚೀಸ್. ಅದನ್ನು ತಿನ್ನೋಕೆ ಬೀದಿಯುದ್ದಕ್ಕೂ ಕ್ಯೂ. 1938ರಲ್ಲಿ ಅವನ ಅಕ್ಕತಂಗಿಯರ ಮನೆಯ ಹುಡುಗ ಸಾಲ್ವತೋರೆ ಕೊನ್ಸಿಲ್ಯೊ ಅದೇ ಬೀದಿಯಲ್ಲಿ 'ಸ್ಯಾಲೀಸ್' ಶುರುಮಾಡಿದ. ಯಾವುದು ಹೆಚ್ಚು ಅನ್ನೋ ವಾದ ನ್ಯೂ ಹೇವನ್‌ನಲ್ಲಿ ಇನ್ನೂ ಮುಗಿದಿಲ್ಲ.

1969ರಲ್ಲಿ ಪೆಪೆ ತೀರಿಕೊಂಡ. ಹೆಣ್ಣುಮಕ್ಕಳು ನಡೆಸಿದರು, ಆಮೇಲೆ ಮೊಮ್ಮಕ್ಕಳು. 2006ರಿಂದ ಬೇರೆ ಊರುಗಳಲ್ಲೂ ಶಾಖೆ ತೆರೆದರು.

ಹಾಗಾದ್ರೆ ರುಚಿಯಾಗಿ ಅಡುಗೆ ಮಾಡಿ ಹೆಸರು ಗಳಿಸಿದವನಿಗೆ ಮಾತ್ರ ಬರೋ ಅರ್ಹತೆನಾ? ಅದಲ್ಲ ನನ್ನ ಮಾತು. ಬಾಗಿಲು ಹಾಕುವ ಕಾನೂನಿಗೆ ಹೊರಗೆ ನಿಂತವರು ಯಾರು ಅಂತ ಗೊತ್ತಿರಲ್ಲ. 3,845ರ ಆಚೆ ಉಳಿದವರಲ್ಲಿ ಎಷ್ಟು ಮಂದಿ ಪೆಪೆಗಳಿದ್ದರೋ, ಅವರ ಕತೆ ಹೇಳೋಕೆ ನನಗೂ ಸಿಗಲ್ಲ, ಯಾರಿಗೂ ಸಿಗಲ್ಲ.

ದೇಶವಾರು ಲೆಕ್ಕ ಹಾಕಿ ಜನರನ್ನು ತಡೆದ ಆ ಪದ್ಧತಿಯನ್ನು 1965ರಲ್ಲಿ ಅಮೆರಿಕವೇ ಕಿತ್ತುಹಾಕಿತು. ಪೆಪೆಯ ಅಂಗಡಿ ಮಾತ್ರ ನೂರು ವರ್ಷ ದಾಟಿದೆ.