ಹೊಸ ತಿಪ್ಪಸಂದ್ರವೂ ಯಂತ್ರಗಳೂ

ಒಂದು ಸೀಮೆಯ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಮೊದಲು ಶಾಸನಗಳನ್ನು ಹುಡುಕುವುದು ವಾಡಿಕೆ. ಶಾಸನ ದೊರೆಯದ ಕಡೆ ಊರ ಹೆಸರುಗಳೇ ಶಾಸನದ ಕೆಲಸವನ್ನು ಮಾಡುವುವು. ಬೆಂಗಳೂರಿನ ದಂಡು ಪ್ರದೇಶಕ್ಕೆ ಮೂಡಲಾಗಿ, ಹಲಸೂರನ್ನು ದಾಟಿ, ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆಗೆ ಹೋಗುವವರಿಗೆ ಎರಡು ಬಗೆಯ ಹೆಸರುಗಳು ಎದುರಾಗುವುವು. ಮೊದಲನೆಯವು ನೀರಿನ ಹೆಸರುಗಳು. ತಿಪ್ಪಸಂದ್ರವೆಂಬಲ್ಲಿಯ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ. ನಮ್ಮ ಪೂರ್ವಿಕರು ಊರಿನ ಕೆರೆಯನ್ನೇ ಸಮುದ್ರವೆಂದು ಅಭಿಮಾನದಿಂದ ಕರೆಯುತ್ತಿದ್ದರು. ಎರಡನೆಯವು ಯಂತ್ರದ ಹೆಸರುಗಳು. ತಿಪ್ಪಸಂದ್ರದ ನೆರೆಯಲ್ಲಿಯೇ ವಿಮಾನಪುರವಿದೆ. ಇನ್ನಷ್ಟು ದೂರದಲ್ಲಿ ದೂರವಾಣಿನಗರವಿದೆ. ಕೆರೆಯಿಂದ ಹೆಸರು ಪಡೆದ ಊರುಗಳ ಮಗ್ಗುಲಲ್ಲಿಯೇ ವಿಮಾನದಿಂದಲೂ ದೂರವಾಣಿಯಿಂದಲೂ ಹೆಸರು ಪಡೆದ ಊರುಗಳು ನೆಲಸಿದುದು ಹೇಗೆಂಬುದನ್ನೂ, ಆ ಯಂತ್ರಗಳೊಡನೆ ನಮ್ಮ ಗೃಹಸ್ಥರು ಹೇಗೆ ಬಾಳಿದರೆಂಬುದನ್ನೂ ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಮೈಸೂರು ಸೀಮೆಗೆ ಹೊಸ ಯಂತ್ರಯುಗವು ಕಾಲಿಟ್ಟುದು ವಿದ್ಯುಚ್ಛಕ್ತಿಯ ಮೂಲಕ. ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ಶಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಪೇಟೆಗೂ ತಲುಪಿತು. ಇಲ್ಲಿಯೂ ಮೊದಲು ಗಣಿ, ಆಮೇಲೆ ಬೀದಿ, ಕಡೆಗೆ ಮನೆ ಎಂಬ ಕ್ರಮವಿದ್ದುದನ್ನು ವಾಚಕರು ಗಮನಿಸಬೇಕು. ಮುಂದೆ ಬಂದ ಯಂತ್ರಗಳೂ ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸಿದುವು.

ಈಗ ಮೋಟಾರು ಗಾಡಿಯ ವಿಷಯ. ದಿವಾನಗಿರಿಯಿಂದ ೧೯೧೮ರಲ್ಲಿ ನಿವೃತ್ತರಾದ ಸರ್ ಎಂ. ವಿಶ್ವೇಶ್ವರಯ್ಯನವರು ಕೈಗಾರಿಕೆಯ ಚಿಂತೆಯಿಂದ ಮಾತ್ರ ನಿವೃತ್ತರಾಗಲಿಲ್ಲ. ಹೊರಗಿನಿಂದ ತರಿಸುವ ಮೋಟಾರುಗಳಿಗಾಗಿ ದೇಶದ ಹಣವು ಹರಿದುಹೋಗುತ್ತಿರುವುದನ್ನು ಕಂಡು, ೧೯೩೫ರಲ್ಲಿ ಅವರು ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ, ಅಲ್ಲಿಯ ಕಾರ್ಖಾನೆಗಳನ್ನು ನೋಡಿ, ನಮ್ಮ ದೇಶದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತನ್ನು ಮೀರಿದ ವಯಸ್ಸು. ಹಡಗಿನ ವ್ಯಾಪಾರದಲ್ಲಿ ಹೆಸರುಗೊಂಡಿದ್ದ ಶ್ರೀ ವಾಲಚಂದ ಹೀರಾಚಂದರು ಈ ಕಾರ್ಯದಲ್ಲಿ ಅವರ ಜತೆಗೂಡಿದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಇದಕ್ಕೆ ಒಲವು ತೋರಿತು. ಆದರೆ ೧೯೩೯ರಲ್ಲಿ ಮಂತ್ರಿಮಂಡಲವು ರಾಜೀನಾಮೆಯಿತ್ತುದರಿಂದ ಆ ಬಾಗಿಲು ಮುಚ್ಚಿತು. ಬಳಿಕ ಮೈಸೂರು ಸರಕಾರವು ಕೈಹಿಡಿಯಲು ಮುಂದಾಯಿತು. ಆದರೆ ಯುದ್ಧಕಾಲದಲ್ಲಿ ಇಂತಹ ಕಾರ್ಖಾನೆಗೆ ಬ್ರಿಟಿಷ್ ಭಾರತ ಸರಕಾರದ ಸಮ್ಮತಿ ದೊರೆಯದೆ, ಬೆಂಗಳೂರಿಗೆ ಬರಬೇಕಾಗಿದ್ದ ಮೋಟಾರು ಕಾರ್ಖಾನೆಯು ಕಾಗದದಲ್ಲಿಯೇ ಉಳಿಯಿತು. ಹಿರಿಯರೊಬ್ಬರು ವರ್ಷಗಟ್ಟಲೆ ನಡೆಸಿದ ಉದ್ಯಮವು ಹೀಗೆ ಕೈಗೂಡದೆ ಹೋದುದನ್ನು ಓದುವಾಗ ಯಾರಿಗಾದರೂ ವ್ಯಥೆಯಾಗದಿರದು.

ಮೋಟಾರಿಗೆ ಅಡ್ಡಬಂದ ಆ ಯುದ್ಧವೇ ವಿಮಾನಕ್ಕೆ ದಾರಿ ಮಾಡಿತೆಂಬುದು ಚರಿತ್ರೆಯ ವಿನೋದ. ವಾಲಚಂದರು ಅಮೆರಿಕದ ವಿಲಿಯಂ ಪಾಲಿಯವರ ಸಹಾಯವನ್ನೂ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರವರ ಪ್ರೋತ್ಸಾಹವನ್ನೂ ಪಡೆದು, ಮೈಸೂರು ಸರಕಾರವನ್ನು ಪಾಲುದಾರನನ್ನಾಗಿ ಮಾಡಿಕೊಂಡು, ೧೯೪೦ನೆಯ ಡಿಸೆಂಬರ್ ೨೩ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ೧೯೪೧ರ ಮಾರ್ಚಿಯಲ್ಲಿ ಭಾರತ ಸರಕಾರವು ಮೂರರಲ್ಲೊಂದು ಪಾಲನ್ನು ಕೊಂಡಿತು. ಮರುವರ್ಷ ವಾಲಚಂದರ ಪಾಲನ್ನೂ ತಾನೇ ತೆಗೆದುಕೊಂಡಿತು. ೧೯೪೩ರಲ್ಲಿ ಕಾರ್ಖಾನೆಯು ಅಮೆರಿಕದ ಸೈನ್ಯದ ಕೈಗೆ ಹೋಗಿ, ಯುದ್ಧವಿಮಾನಗಳ ದುರಸ್ತಿಯ ದೊಡ್ಡ ನೆಲೆಯಾಯಿತು. ರಾಗಿಯ ಹೊಲಗಳ ನಡುವೆ ಹಗಲಿರುಳೂ ವಿಮಾನಗಳು ಇಳಿದೇರುವುದನ್ನು ಸುತ್ತಣ ಹಳ್ಳಿಗಳವರು ಮೊತ್ತಮೊದಲು ಕಂಡದ್ದು ಆಗಲೇ.

ಕಾರ್ಖಾನೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಯುದ್ಧ ಮುಗಿದ ಮೇಲೆ ವಿಮಾನದ ಕೆಲಸವು ಕಡಿಮೆಯಾಗಲು, ಕೆಲಸಗಾರರ ಕೈ ಬರಿದಾಗಬಾರದೆಂದು ಅಲ್ಲಿ ರೈಲು ಗಾಡಿಗಳನ್ನೂ ಬಸ್ಸುಗಳ ಮೈಕಟ್ಟನ್ನೂ ತಯಾರಿಸತೊಡಗಿದರು. ಆ ರೈಲು ಗಾಡಿಯ ವಿಭಾಗವೇ ೧೯೬೪ರಲ್ಲಿ ಬೇರೆಯಾಗಿ ಭಾರತ್ ಅರ್ತ್ ಮೂವರ್ಸ್ ಎಂಬ ಸಂಸ್ಥೆಗೆ ಸೇರಿತು. ಇದನ್ನು ಜನರು ಬೆಮೆಲ್ ಎನ್ನುವರು. ಅದರ ಬೆಂಗಳೂರಿನ ಕಾರ್ಖಾನೆಯ ಅಂಚೆ ವಿಳಾಸದಲ್ಲಿ ಇರುವುದು ಹೊಸ ತಿಪ್ಪಸಂದ್ರದ ಹೆಸರೇ. ೨೦೧೧ರ ಅಕ್ಟೋಬರ್ ೨೦ರಂದು ನೆರೆಯ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೊದಲ ಮೆಟ್ರೋ ಓಡಿದಾಗ, ಅದರ ಗಾಡಿಗಳನ್ನು ಒದಗಿಸಿದ ಕೂಟದಲ್ಲಿಯೂ ಬೆಮೆಲ್ ಇದ್ದಿತು. ಮನೆಯ ಹಿರಿಯನು ಕೆಲಸ ಮಾಡಿದ ಕಾರ್ಖಾನೆಯ ಗಾಡಿಯಲ್ಲಿ ಮೊಮ್ಮಗಳು ಕಾಲೇಜಿಗೆ ಹೋಗುವ ಭಾಗ್ಯವು ಎಲ್ಲ ಊರುಗಳಿಗೂ ದೊರೆಯತಕ್ಕದ್ದಲ್ಲ.

ಇತ್ತ ಮೋಟಾರಿನ ಕಥೆಯು ಬೇರೆ ಕಡೆ ಮುಂದುವರಿಯಿತು. ವಾಲಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಇಟಲಿಯ ಫಿಯೆಟ್ ಸಂಸ್ಥೆಯ ಸಹಕಾರದಿಂದ ತಯಾರಾದ ಗಾಡಿಯು ೧೯೭೦ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರನ್ನು ತಳೆಯಿತು. ಬಂಗಾಳದ ಉತ್ತರಪಾಡಾದಿಂದ ಅಂಬಾಸಿಡರ್, ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದುವು. ಸುಮಾರು ಮೂವತ್ತು ವರ್ಷಗಳ ಕಾಲ ನಮ್ಮ ಮಧ್ಯಮ ವರ್ಗದವರ ಮೋಟಾರು ಪ್ರೀತಿಯೆಲ್ಲವೂ ಈ ಮೂರು ಹೆಸರುಗಳಲ್ಲಿ ಅಡಗಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುವುದು, ಬಂದ ದಿನ ಗಣಪತಿಯ ಗುಡಿಯ ಮುಂದೆ ನಿಲ್ಲಿಸಿ ಚಕ್ರಗಳ ಕೆಳಗೆ ನಿಂಬೆಯ ಹಣ್ಣನ್ನು ಇಡುವುದು, ಭಾನುವಾರ ಬೆಳಗ್ಗೆ ಮಕ್ಕಳೆಲ್ಲರೂ ಸೇರಿ ತೊಳೆಯುವುದು, ಆಯುಧಪೂಜೆಯಲ್ಲಿ ಬಾಳೆಯ ಕಂದು ಕಟ್ಟುವುದು, ಇವೆಲ್ಲವೂ ಒಂದು ಗೃಹ್ಯಸೂತ್ರದಂತೆ ನಡೆಯುತ್ತಿದ್ದುವು. ೧೯೮೩ರ ಡಿಸೆಂಬರಿನಲ್ಲಿ ಗುಡಗಾಂವಿಯಿಂದ ಹೊರಟ ಮಾರುತಿ ೮೦೦ ಎಂಬ ಚಿಕ್ಕ ಗಾಡಿಯು ಈ ವ್ಯವಸ್ಥೆಯನ್ನು ಬದಲಿಸಿತು. ಅಂಬಾಸಿಡರ್ ಮತ್ತು ಮಾರುತಿ ೮೦೦ ಎರಡರ ತಯಾರಿಕೆಯೂ ಒಂದೇ ವರ್ಷ, ೨೦೧೪ರಲ್ಲಿ, ನಿಂತುಹೋಯಿತು. ಅಜ್ಜನ ಗಾಡಿಯೂ ಮಗನ ಗಾಡಿಯೂ ಒಟ್ಟಿಗೆ ಚರಿತ್ರೆಗೆ ಸೇರಿದುವು.

ವಿಶ್ವೇಶ್ವರಯ್ಯನವರ ಆಶೆಯು ಪೂರ್ಣವಾಗಿ ನಷ್ಟವಾಗಲಿಲ್ಲವೆಂಬುದನ್ನೂ ಹೇಳಬೇಕು. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಕಾರ್ಖಾನೆಯನ್ನು ಕಟ್ಟಿ, ೨೦೦೦ನೆಯ ಇಸವಿಯಲ್ಲಿ ತನ್ನ ಮೊದಲ ಗಾಡಿಯನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಗಾಡಿಯು ಬೀದಿಗೆ ಇಳಿಯಿತು. ಇಬ್ಬರು ದೊಡ್ಡವರೂ ಇಬ್ಬರು ಮಕ್ಕಳೂ ಕೂರಬಹುದಾದ ಆ ಗಾಡಿಯನ್ನು ಕಂಡು ನಕ್ಕವರುಂಟು. ಆದರೆ ಅದು ಲಂಡನ್ನಿನ ಬೀದಿಗಳವರೆಗೂ ಹೋಯಿತು. ಇಂದು ವಿದ್ಯುತ್ ಗಾಡಿಗಳು ಎಲ್ಲೆಲ್ಲಿಯೂ ಕಾಣುತ್ತಿರುವಾಗ, ಆ ನಗೆಯು ಅವಸರದ್ದೆಂದು ತೋರುವುದು.

ಯಂತ್ರದ ಪ್ರೀತಿಗೆ ಬೆಲೆಯೂ ಉಂಟು. ಜರ್ಮನಿಯ ಕುರ್ಟ್ ಟಾಂಕರು ರೂಪಿಸಿದ ‘ಮರುತ್’ ಎಂಬ ಯುದ್ಧವಿಮಾನವು ೧೯೬೧ರ ಜೂನ್ ೧೭ರಂದು ಇಲ್ಲಿಯೇ ಮೊದಲ ಬಾರಿ ಹಾರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಅದೇ ಬಗೆಯ ವಿಮಾನದ ಹೊಸ ರೂಪವನ್ನು ಪರೀಕ್ಷಿಸುತ್ತಿರುವಾಗ, ೧೯೭೦ರ ಜನವರಿ ೧೦ರಂದು, ಅವರು ಇಲ್ಲಿಯೇ ಪ್ರಾಣವನ್ನು ತೆತ್ತರು. ಹಳೆಯ ಮದರಾಸು ರಸ್ತೆಯಿಂದ ಹೊಸ ತಿಪ್ಪಸಂದ್ರದ ಮಗ್ಗುಲಾಗಿ ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ದಿನವೂ ಆ ರಸ್ತೆಯಲ್ಲಿ ಗಾಡಿ ಓಡಿಸುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ವಿಚಾರಿಸುವವರು ವಿರಳ. ಯಂತ್ರವನ್ನು ನಾವು ನಿರ್ಭಯವಾಗಿ ಬಳಸಬೇಕಾದರೆ ಮೊದಲು ಯಾರೋ ಒಬ್ಬರು ಭಯವನ್ನು ತಾವೇ ಹೊತ್ತು ಪರೀಕ್ಷಿಸಿರಬೇಕೆಂಬುದನ್ನು ಆ ಹೆಸರು ನೆನಪಿಸುವುದು.

ಇನ್ನು ದೂರವಾಣಿ. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಕೃಷ್ಣರಾಜಪುರದ ಸಮೀಪದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಮನೆಯ ನಡುಕೋಣೆಯಲ್ಲಿ ಕಸೂತಿಯ ಬಟ್ಟೆ ಹೊದೆದು ಕುಳಿತಿರುತ್ತಿದ್ದ ಕರಿಯ ದೂರವಾಣಿಗಳು ಬಹುಮಟ್ಟಿಗೆ ಇಲ್ಲಿಯವೇ. ಬೀದಿಗೆ ಒಂದೋ ಎರಡೋ ಮನೆಗಳಲ್ಲಿ ಅದಿರುತ್ತಿತ್ತು. ನೆರೆಯವರಿಗೆ ಕರೆ ಬಂದರೆ ಹುಡುಗನೊಬ್ಬನು ಓಡಿಹೋಗಿ ಕರೆತರುತ್ತಿದ್ದನು. ಆಗ ದೂರವಾಣಿಯಲ್ಲಿ ಬಂದ ಮಾತನ್ನು ಒಬ್ಬನೇ ಕೇಳುತ್ತಿದ್ದರೂ ಮನೆಯೆಲ್ಲಾ ಅರಿಯುತ್ತಿತ್ತು. ಈ ಸಂಗತಿಯು ಅಲ್ಪವೆಂದು ತೋರಬಹುದು. ಆದರೆ ಮುಂದಿನ ವಿಚಾರಕ್ಕೆ ಇದೇ ಮೂಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೮೫ರಲ್ಲಿ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ತನ್ನ ಕೆಲಸವನ್ನು ಹೊರದೇಶಕ್ಕೆ ಕಳುಹಿಸತೊಡಗಿತು. ೧೯೯೫ರ ಆಗಸ್ಟ್ ೧೫ರಂದು ಅಂತರ್ಜಾಲವು ನಮ್ಮ ದೇಶದ ಸಾರ್ವಜನಿಕರಿಗೆ ತೆರೆಯಿತು. ೨೦೧೬ರಲ್ಲಿ ಕೈಯ ದೂರವಾಣಿಯಿಂದಲೇ ಹಣ ಕಳುಹಿಸುವ ಯು.ಪಿ.ಐ. ಬಂದಿತು. ಇಂದು ಹೊಸ ತಿಪ್ಪಸಂದ್ರದ ಮಾರುಕಟ್ಟೆಯ ರಸ್ತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಪಕ್ಕದಲ್ಲಿಯೂ ಚೌಕುಳಿ ಗುರುತಿನ ಹಲಗೆಯಿರುವುದು. ಗಣಿಯಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದ ಯಂತ್ರವು ಈಗ ಮನೆಯಿಂದ ಜೇಬಿಗೆ ಬಂದಿದೆ.

ಯಂತ್ರವು ಮುಂದೆ ಓಡುವುದು, ಕಾಯಿದೆಯು ಹಿಂದೆ ನಡೆಯುವುದು. ಮೋಟಾರುಗಳು ಬೀದಿಗೆ ಬಂದು ಹಲವು ವರ್ಷಗಳಾದ ಮೇಲೆ, ೧೯೧೪ರಲ್ಲಿ, ಬ್ರಿಟಿಷ್ ಭಾರತದ ಮೊದಲ ಮೋಟಾರು ಕಾಯಿದೆಯಾಯಿತು; ಅದನ್ನು ೧೯೩೯ರಲ್ಲಿಯೂ ೧೯೮೮ರಲ್ಲಿಯೂ ಹೊಸದಾಗಿ ರಚಿಸಬೇಕಾಯಿತು. ಅಂತರ್ಜಾಲದ ವಿಷಯದಲ್ಲಿಯೂ ಹಾಗೆಯೇ. ಮಾಹಿತಿ ತಂತ್ರಜ್ಞಾನದ ಕಾಯಿದೆಯು ೨೦೦೦ದಲ್ಲಿ ಬಂದಿತು. ೨೦೦೧ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗಾಗಿ ಪ್ರತ್ಯೇಕ ಪೊಲೀಸ್ ಠಾಣೆಯಾಯಿತು. ಇದು ದೇಶದಲ್ಲಿಯೇ ಮೊದಲನೆಯದು. ಹಾಗಿದ್ದರೂ ಕಾಯಿದೆ ಬಂದ ಮಾತ್ರಕ್ಕೆ ಕಳ್ಳನು ಸುಮ್ಮನಿರನು. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ’ ಎಂದು ಹೆದರಿಸಿ ಹಣ ಕೀಳುವ ಮೋಸವು ಎಷ್ಟು ಹಬ್ಬಿತೆಂದರೆ, ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಅಂತಹ ಬಂಧನವೆಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ನಮ್ಮ ಪರಿಚಯದ ವೃದ್ಧರೊಬ್ಬರ ವಿಷಯವನ್ನು ಹೇಳಿ ಈ ಲೇಖನವನ್ನು ಮುಗಿಸುವೆನು. ಅವರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತರಾದವರು; ಹಳೆಯ ಪದ್ಮಿನಿಯೊಂದನ್ನು ಈಗಲೂ ಮಗುವಿನಂತೆ ನೋಡಿಕೊಳ್ಳುವವರು. ಒಂದು ಮಧ್ಯಾಹ್ನ ಅವರಿಗೂ ಇಂತಹ ಕರೆ ಬಂದಿತು. ಬಾಗಿಲು ಹಾಕಿಕೊಂಡು ಕೂರಬೇಕು, ಮನೆಯವರಿಗೆ ಹೇಳಕೂಡದು ಎಂದು ಆಜ್ಞೆಯಾಯಿತು. ಅವರು ಹಾಗೆಯೇ ಕುಳಿತರು. ಒಂದು ಕಂತು ಹಣವನ್ನೂ ಕಳುಹಿಸಿಬಿಟ್ಟರು. ಕಾಫಿಗೆ ಕರೆದರೂ ಬಾರದುದನ್ನು ಕಂಡು ಅವರ ಪತ್ನಿಯು ಬಾಗಿಲು ತಟ್ಟಿ ಒಳಗೆ ಬಂದು, ವಿಷಯವನ್ನು ತಿಳಿದು, ಕರೆಯನ್ನು ಕತ್ತರಿಸಿ ಹೇಳಿದರಂತೆ: “ಏನ್ರೀ ಇದು? ಇನ್ನೊಬ್ಬರು ನೋಡಿ ರುಜು ಹಾಕದೆ ಕಾರ್ಖಾನೆಯಲ್ಲಿ ಒಂದು ತಿರುಪನ್ನಾದರೂ ಹೊರಗೆ ಬಿಡುತ್ತಿದ್ದಿರಾ? ಮನೆಯ ದುಡ್ಡನ್ನು ಹೇಗೆ ಬಿಟ್ಟಿರಿ?”

ಕೂಡಲೇ ೧೯೩೦ ಎಂಬ ಸಹಾಯವಾಣಿಗೆ ತಿಳಿಸಿದರು. ಹೋದುದರಲ್ಲಿ ಸ್ವಲ್ಪ ಭಾಗ ಮಾತ್ರ ತಡೆಯಲ್ಪಟ್ಟಿತು. ಹಣಕ್ಕಿಂತಲೂ ಅವರನ್ನು ಹೆಚ್ಚಾಗಿ ಬಾಧಿಸಿದುದು ನಾಚಿಕೆ. ಕೆಲವು ತಿಂಗಳು ಅವರು ಬೀದಿಗೆ ಬರಲಿಲ್ಲ. ಈ ನಾಚಿಕೆಯೇ ಕಳ್ಳನ ಎರಡನೆಯ ಆಯುಧ. ಮೋಸಹೋದವನು ಬಾಯಿ ಬಿಡದಿದ್ದರೆ ನೆರೆಮನೆಯವನಿಗೆ ಎಚ್ಚರವಾಗುವುದೆಂತು?

ಆ ಗೃಹಿಣಿಯ ಮಾತಿನಲ್ಲಿ ಈ ಸೀಮೆಯ ಎಂಬತ್ತು ವರ್ಷಗಳ ಯಂತ್ರಾನುಭವವು ಅಡಗಿದೆಯೆಂದು ನನ್ನ ಭಾವನೆ. ವಿಮಾನದ ಕೆಲಸದಲ್ಲಿ ಮಾಡಿದವನೊಬ್ಬ, ಪರೀಕ್ಷಿಸುವವನು ಮತ್ತೊಬ್ಬ. ಇಬ್ಬರ ರುಜುವೂ ಇಲ್ಲದೆ ಯಾವುದೂ ಹಾರತಕ್ಕದ್ದಲ್ಲ. ಹಿಂದಿನ ದೂರವಾಣಿಯು ನಡುಮನೆಯಲ್ಲಿದ್ದಾಗ ಎರಡನೆಯ ಕಿವಿ ತಾನಾಗಿಯೇ ಇರುತ್ತಿತ್ತು. ಈಗಿನದು ಜೇಬಿಗೆ ಬಂದುದರಿಂದ ನಾವು ಒಂಟಿಯಾದೆವು. ‘ಯಾರಿಗೂ ಹೇಳಬೇಡ, ಈಗಲೇ ಮಾಡು’ ಎನ್ನುವ ದನಿಯು ಯಾರದೇ ಆಗಿರಲಿ, ಅದು ಶತ್ರುವಿನದೆಂದು ತಿಳಿಯಬೇಕು. ಒ.ಟಿ.ಪಿ. ಸಂಖ್ಯೆಯನ್ನು ಕೇಳಿದವರಿಗೆ ಕೊಡಬಾರದು. ಹಣ ಕಳುಹಿಸುವ ಮುನ್ನ ಮನೆಯ ಇನ್ನೊಬ್ಬರ ಕಣ್ಣಿಗೆ ಬೀಳಿಸಬೇಕು. ಮೋಸವಾದರೆ ತಡಮಾಡದೆ ತಿಳಿಸಬೇಕು. ಇವು ಹೊಸ ವಿದ್ಯೆಯಲ್ಲ; ವಿಮಾನಪುರದ ಕಾರ್ಖಾನೆಗಳಲ್ಲಿ ನಮ್ಮ ಹಿರಿಯರು ದಿನವೂ ನಡೆಸಿದುದೇ.

ಆ ವೃದ್ಧರು ಕಳೆದ ಆಯುಧಪೂಜೆಯ ದಿನ ಪದ್ಮಿನಿಗೆ ಕುಂಕುಮವಿಟ್ಟು, ಅದರ ಪಕ್ಕದಲ್ಲಿ ತಮ್ಮ ದೂರವಾಣಿಯನ್ನೂ ಇಟ್ಟು ಪೂಜಿಸಿದರು. ನೆರೆದಿದ್ದ ಬೀದಿಯವರಿಗೆ ತಮಗಾದ ಮೋಸವನ್ನು ತಾವಾಗಿಯೇ, ಮೊದಲಿನಿಂದ ಕಡೆಯವರೆಗೆ, ಹೇಳಿದರು.